ಸರಕಾರ ‘ಮಾಡಲೇಬೇಕು’ ಅಂದಾಗ: ಬಲವಂತದ ನೀತಿಯನ್ನು ಓದುವುದು, ಪ್ರಶ್ನಿಸುವುದು, ಬಳಸುವುದು ಹೇಗೆ?

ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ, ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ಮನೆ. ನೋಟೀಸು ಟೈಪ್ ಮಾಡಿದ್ದೇನೆ, ಸಾಹೇಬರ ಸಹಿಗೆ ಇಟ್ಟಿದ್ದೇನೆ. ಜನ ಅದನ್ನು ಹಿಡಿದುಕೊಂಡು ಕಚೇರಿಯ ಜಗಲಿಯಲ್ಲಿ ಕಾಯುವುದನ್ನೂ ನೋಡಿದ್ದೇನೆ. ಈಗ ಊರಿನವರು ಸಂಜೆ ಹೊತ್ತಿಗೆ ಕಾಗದ ಹಿಡಿದುಕೊಂಡು ಮನೆಗೇ ಬರುತ್ತಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಅಕ್ಕಾ, ಇದನ್ನು ಮಾಡಲೇಬೇಕಾ? ಮಾಡದಿದ್ದರೆ ಎಂತ ಆಗ್ತದೆ?”

ಬಲವಂತದ ನೀತಿ ಅಂದರೆ ಏನು ಅನ್ನುವುದಕ್ಕೆ ಆ ಎರಡನೇ ಪ್ರಶ್ನೆಯೇ ಸಾಕು. ಮಾಡದಿದ್ದರೆ ದಂಡ ಬೀಳುತ್ತದಾ, ಜಪ್ತಿ ಆಗುತ್ತದಾ, ಲೈಸೆನ್ಸ್ ಹೋಗುತ್ತದಾ, ಬರುತ್ತಿದ್ದ ಸವಲತ್ತು ನಿಲ್ಲುತ್ತದಾ? ಇದರಲ್ಲಿ ಒಂದಾದರೂ ಆಗುವುದಾದರೆ ಅದು ಬಲವಂತ. ಏನೂ ಆಗದಿದ್ದರೆ ಅದು ಬರೀ ಸಲಹೆ, ಎಷ್ಟೇ ಗಟ್ಟಿಯಾಗಿ ಹೇಳಿದರೂ ಅಷ್ಟೇ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ಮಾಡಿದ ಒಂದು ಭಾಷಣದಲ್ಲಿ, ನ್ಯಾಯಸಮ್ಮತವಾಗಿ ಬಲ ಬಳಸುವ ಹಕ್ಕು ತನಗೆ ಮಾತ್ರ ಅಂತ ಹೇಳಿಕೊಂಡು ಅದನ್ನು ಉಳಿಸಿಕೊಳ್ಳುವುದೇ ರಾಜ್ಯ ಅಂದರು. ಅದರಲ್ಲಿ ‘ನ್ಯಾಯಸಮ್ಮತ’ ಅನ್ನುವುದನ್ನು ಬಿಟ್ಟರೆ ಸರಕಾರಕ್ಕೂ ದಾರಿಯಲ್ಲಿ ಹಿಡಿದು ಹಣ ಕೇಳುವವನಿಗೂ ವ್ಯತ್ಯಾಸ ಇಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಲವಂತ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ನಂಬುವುದಿಲ್ಲ. ಅದಿಲ್ಲದೆ ನಮ್ಮ ಮನೆಗೆ ಭೂಮಿ ಸಿಗುತ್ತಿರಲಿಲ್ಲ, ಆ ಕಥೆ ಮುಂದೆ ಬರುತ್ತದೆ. ಆದರೆ ಬಲವಂತ ಮಾಡುವವರು ಕಾಗದ ತೋರಿಸಬೇಕು. ಕಾಗದದಲ್ಲಿ ಕಾನೂನಿನ ಹೆಸರು ಇರಬೇಕು. ನಮ್ಮ ಮಾತು ಕೇಳಬೇಕು. ಇಷ್ಟು ಕೇಳುವುದು ಉದ್ಧಟತನ ಅಲ್ಲ, ನಮ್ಮ ಹಕ್ಕು.

ದಂಡ ಎಲ್ಲಿ ಅಡಗಿದೆ ನೋಡಿ

ಸಾಮ, ದಾನ, ಭೇದ, ದಂಡ ಅಂತ ಹಿರಿಯರು ಹೇಳಿದ್ದರಲ್ಲಿ ಸರಕಾರ ದಿನವೂ ಬಳಸುವುದು ಮೂರನ್ನು. ತಿಳಿಹೇಳುವುದು, ಸಹಾಯಧನ ಕೊಟ್ಟು ಮಾಡಿಸುವುದು, ಮಾಡದವರನ್ನು ಶಿಕ್ಷಿಸುವುದು. ಹೆಚ್ಚಿನ ಆದೇಶಗಳಲ್ಲಿ ಮೂರೂ ಬೆರೆತಿರುತ್ತವೆ. ಹಾಗಾಗಿ ಆದೇಶ ಕೈಗೆ ಬಂದರೆ ಮೊದಲು ದಂಡದ ಸಾಲನ್ನು ಹುಡುಕಿ.

ಮಲ್ಪೆಯ ಮೀನುಗಾರಿಕೆ ನಿಷೇಧವನ್ನೇ ತೆಗೆದುಕೊಳ್ಳಿ. ಕರಾವಳಿಯವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಂಗುಡೆ, ಬೂತಾಯಿ ಮೊಟ್ಟೆ ಇಡುವ ಕಾಲ ಅದು, ಕಡಲೂ ಒರಟು. ಆದೇಶ ಹೊರಡುವುದು ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, 1986ರ ಅಡಿಯಲ್ಲಿ. ಮುರಿದರೆ ಆ ಕಾಯ್ದೆಯ ಪ್ರಕಾರ ದಂಡ. ಅದರ ಜೊತೆಗೆ ಇನ್ನೊಂದು ಸಾಲು ಇರುತ್ತದೆ: ಅಂಥ ಬೋಟಿಗೆ ಒಂದು ವರ್ಷ ಕರರಹಿತ ಡೀಸೆಲ್ ಇಲ್ಲ. ಬೋಟಿನ ಮಾಲೀಕರನ್ನು ಕೇಳಿ ನೋಡಿ. ದಂಡಕ್ಕಿಂತ ಅವರು ಹೆದರುವುದು ಈ ಸಾಲಿಗೆ. ಟ್ರಾಲ್ ಬೋಟಿನ ಖರ್ಚಿನಲ್ಲಿ ಡೀಸೆಲ್ ಎಷ್ಟು ನುಂಗುತ್ತದೆ ಅಂತ ಗೊತ್ತಿರುವವರೇ ಆ ಸಾಲು ಬರೆದಿದ್ದಾರೆ.

ಇನ್ನು ಯಾರಿಗೆ ವಿನಾಯಿತಿ ಅಂತ ನೋಡಿ. 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿಗಳು ದಡದ ಹತ್ತಿರ ಬಲೆ ಬೀಸಬಹುದು. ದಿನದ ಅನ್ನಕ್ಕೆ ಕಡಲನ್ನೇ ನಂಬಿದವರ ಮೇಲೆ ಭಾರ ಬೀಳಬಾರದು ಅನ್ನುವ ಲೆಕ್ಕ. ನಿಷೇಧದ ತಿಂಗಳುಗಳಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಅಂತಲೂ ಒಂದಿದೆ. ಮೀನುಗಾರರು ಸ್ವಲ್ಪ ಕಟ್ಟುತ್ತಾರೆ, ಸರಕಾರ ತನ್ನ ಪಾಲು ಸೇರಿಸಿ ಮಳೆಗಾಲದಲ್ಲಿ ಕೊಡುತ್ತದೆ.

ಒಂದು ಆದೇಶದಲ್ಲಿ ಇಷ್ಟೆಲ್ಲ ಉಂಟು. ಕಾರಣ ಎಲ್ಲರಿಗೂ ಕಾಣುತ್ತದೆ, ತಾರೀಕು ಮೊದಲೇ ಗೊತ್ತು, ಎಲ್ಲಾ ಬೋಟಿಗೂ ಒಂದೇ ನಿಯಮ, ಬಡವರಿಗೆ ವಿನಾಯಿತಿ. ಹಾಗಾಗಿ ಜೂನ್ ತಿಂಗಳಲ್ಲಿ ಮಲ್ಪೆ ಬಂದರಿಗೆ ಹೋದರೆ ಸಾಲಾಗಿ ನಿಂತ ಬೋಟು, ಬಲೆ ಹೊಲಿಯುವವರು ಕಾಣುತ್ತಾರೆ. ಪ್ರತಿ ಬೋಟಿನ ಪಕ್ಕ ಪೊಲೀಸರು ನಿಲ್ಲಬೇಕಾಗಿಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಸರಕಾರ ನಿಷೇಧಿಸಿದೆ. ಆದರೆ ಅದರ ಬಗ್ಗೆ ಬಂದರಿನಲ್ಲಿ ಜಗಳ ಮುಗಿಯುವುದೇ ಇಲ್ಲ. ಅದು ನಡೆಯುವುದು ರಾತ್ರಿ, ದೂರದ ಕಡಲಿನಲ್ಲಿ. ಯಾರು ಮುರಿದರು ಅಂತ ಹಿಡಿಯುವುದು ಕಷ್ಟ. ಸಿಕ್ಕಿಬೀಳುವ ಭಯ ಇಲ್ಲದ ಕಡೆ ದಂಡದ ಮೊತ್ತ ಎಷ್ಟಿದ್ದರೂ ಪ್ರಯೋಜನ ಕಡಿಮೆ.

ಇಲ್ಲೇ ಇನ್ನೊಂದು ಭೇದ ಗಮನಿಸಿ. ‘ಮಾಡಬೇಡ’ ಅನ್ನುವ ಬಲವಂತ ಬೇರೆ, ‘ಮಾಡು’ ಅನ್ನುವ ಬಲವಂತ ಬೇರೆ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ದೇಶದೇಶಗಳ ನಡುವಿನ ಬೆದರಿಕೆಯ ಬಗ್ಗೆ ಈ ಭೇದ ಮಾಡಿದ್ದರು. ಊರಿನ ಮಟ್ಟಕ್ಕೂ ಅದು ಸರಿಯಾಗಿ ಹೊಂದುತ್ತದೆ. ಬೋಟು ದಡದಲ್ಲಿ ನಿಲ್ಲಿಸು ಅಂದರೆ ಸುಮ್ನೆ ಕೂತರೆ ಸಾಕು. ಮನೆ ಖಾಲಿ ಮಾಡು, ಲಸಿಕೆ ಹಾಕಿಸಿಕೊ, ದಾಖಲೆ ತಂದುಕೊಡು ಅಂದರೆ ಜನ ಎದ್ದು ಓಡಾಡಬೇಕು, ಖರ್ಚು ಮಾಡಬೇಕು. ಅಂಥ ಆದೇಶಕ್ಕೆ ಗಡುವು ಬೇಕು, ಸಹಾಯ ಬೇಕು. ಅದಿಲ್ಲದ ಆದೇಶ ಬಂದರೆ ಅದನ್ನೇ ಮೊದಲು ಪ್ರಶ್ನಿಸಿ.

ಯಾರ ಕೈ ತಿರುಚುತ್ತಿದ್ದಾರೆ, ಯಾರಿಗಾಗಿ?

ಕೆಲಸದಲ್ಲಿದ್ದಾಗಲೇ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿದೆ. ಆಗ ಓದಿದ್ದರಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಅಮೆರಿಕದ ಥಿಯೊಡೋರ್ ಲೋವಿ 1972ರಲ್ಲಿ ಕೊಟ್ಟ ವಿಂಗಡಣೆ. ಅವರು ಎರಡೇ ಪ್ರಶ್ನೆ ಕೇಳುತ್ತಾರೆ. ಬಲವಂತ ಹತ್ತಿರದಲ್ಲಿದೆಯಾ, ದೂರದಲ್ಲಿದೆಯಾ? ಅದು ಒಬ್ಬೊಬ್ಬರ ನಡತೆಯ ಮೇಲೆ ಬೀಳುತ್ತದಾ, ಇಡೀ ಪರಿಸ್ಥಿತಿಯ ಮೇಲೆ ಬೀಳುತ್ತದಾ? ಎರಡೂ ಸೇರಿದರೆ ನಾಲ್ಕು ಬಗೆ. ಹೆಲ್ಮೆಟ್ ಹಾಕದ ಸವಾರನಿಗೆ ಅಲ್ಲೇ ದಂಡ ಅಂದರೆ ಹತ್ತಿರದ ಬಲವಂತ, ಒಬ್ಬನ ಮೇಲೆ. ರೈತರಿಗೆ ಸಬ್ಸಿಡಿ ಕೊಟ್ಟರೆ ಬಲವಂತ ದೂರದಲ್ಲಿದೆ, ಆದರೆ ಇಲ್ಲ ಅಂತಲ್ಲ. ಆ ಹಣ ಯಾರದೋ ತೆರಿಗೆಯಿಂದ ಬಂದದ್ದು. 1997ರಲ್ಲಿ ದಕ್ಷಿಣ ಕನ್ನಡವನ್ನು ಒಡೆದು ಉಡುಪಿ ಜಿಲ್ಲೆ ಮಾಡಿದ್ದು ದೂರದ, ಎಲ್ಲರಿಗೂ ಸೇರಿದ ಬದಲಾವಣೆ. ಯಾರ ಮನೆಗೂ ನೋಟೀಸು ಬರಲಿಲ್ಲ.

ನಾಲ್ಕನೆಯದು ಹತ್ತಿರದ ಬಲವಂತ, ಇಡೀ ಪರಿಸ್ಥಿತಿಯನ್ನೇ ಬದಲಿಸುವಂಥದ್ದು. ಅದಕ್ಕೆ ನಮ್ಮ ಭೂಸುಧಾರಣೆಗಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ನಮ್ಮದು ಚಾಲಗೇಣಿಯ ಮನೆ. ಮೂಲಗೇಣಿಯವರನ್ನು ಧಣಿಗಳು ಸುಲಭಕ್ಕೆ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವರಿಗೆ ಆ ಭದ್ರತೆ ಇರಲಿಲ್ಲ. ಸುಗ್ಗಿ ಮುಗಿದರೆ ಮುಡಿ ಕಟ್ಟಿ ಅಕ್ಕಿ ಧಣಿಗಳ ಮನೆಗೆ ಹೊರುವುದು, ಮಳೆ ಕೈಕೊಟ್ಟ ವರ್ಷ ಬಾಕಿ ಉಳಿಸಿಕೊಂಡು ತಲೆತಗ್ಗಿಸಿ ನಿಲ್ಲುವುದು. 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಅದನ್ನು ‘ಡಿಕ್ಲರೇಶನ್ ಹಾಕುವುದು’ ಅಂತಲೇ ಹೇಳುವುದು. ಅಪ್ಪ ಹಾಕಿದರು. ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗದ್ದೆ ನಮ್ಮದಾಯಿತು. ನಾನು ಶಾಲೆ ಮುಗಿಸಿ ಸರಕಾರಿ ಕೆಲಸಕ್ಕೆ ಸೇರಿದ್ದು ಆ ಗದ್ದೆಯ ಬಲದಿಂದ.

ಆ ಕಾನೂನಿನಲ್ಲಿ ಬಲವಂತ ಇರಲಿಲ್ಲವಾ? ಖಂಡಿತ ಇತ್ತು. ತಿಳಿಹೇಳಿದರೆ ಧಣಿಗಳು ಭೂಮಿ ಬಿಟ್ಟುಕೊಡುತ್ತಿದ್ದರಾ? ದೇವರಾಜ ಅರಸು ಸರಕಾರ ದಂಡದ ದಾರಿ ಹಿಡಿದದ್ದಕ್ಕೇ ಕರಾವಳಿಯಲ್ಲಿ ಸಾವಿರಾರು ಮನೆ ಎದ್ದು ನಿಂತವು. ಆದರೆ ಇದೇ ಕಾನೂನಿನಿಂದ ಸಣ್ಣ ಹಿಡುವಳಿಯವರೂ ಭೂಮಿ ಕಳೆದುಕೊಂಡರು. ಉಳಲು ಗಂಡಸರಿಲ್ಲದೆ ಗೇಣಿಗೆ ಕೊಟ್ಟಿದ್ದ ವಿಧವೆಯರಿದ್ದರು, ಅದೊಂದೇ ಜೀವನಾಧಾರ ಆಗಿದ್ದವರಿದ್ದರು. ಸಿಕ್ಕಿದ ಪರಿಹಾರ ಅಲ್ಪ. ಸೈನ್ಯದಲ್ಲಿರುವವರಿಗೆ, ಹಡಗಿನಲ್ಲಿ ದುಡಿಯುವವರಿಗೆ ಕಾನೂನು ಷರತ್ತಿನ ವಿನಾಯಿತಿ ಕೊಟ್ಟಿತು. ಇವರಿಗೆ ಅಂಥ ದಾರಿ ತೆರೆಯಲಿಲ್ಲ. ಕಾನೂನು ಒಳ್ಳೆಯದು ಅಂತ ಒಪ್ಪಿಕೊಂಡೇ ಇದನ್ನು ಹೇಳಬೇಕು ಅಂತ ನನಗನಿಸುತ್ತದೆ. ಆದೇಶ ಓದುವಾಗ ಯಾರಿಗೆ ಲಾಭ ಅಂತ ನೋಡಿದ ಹಾಗೆಯೇ, ಮಾತಾಡಲು ಯಾರೂ ಇಲ್ಲದವರ ಮೇಲೆ ಎಷ್ಟು ಭಾರ ಅಂತಲೂ ನೋಡಿ. ವಿನಾಯಿತಿಯ ಪಟ್ಟಿಯಲ್ಲಿ ಅವರು ಇದ್ದಾರಾ ಅಂತ ಬೆರಳಿಟ್ಟು ಹುಡುಕಿ.

ಕಾಗದವನ್ನು ಓದುವ ಕ್ರಮ

“ಮೇಲಿನಿಂದ ಆದೇಶ ಉಂಟು ಮಾರಾಯ್ರೆ” ಅನ್ನುವ ಮಾತು ಕೇಳದವರು ಯಾರಿದ್ದಾರೆ? ಅಲ್ಲೇ ನಿಂತು ನಯವಾಗಿ ಕೇಳಿ: ಆದೇಶದ ನಂಬರ್ ಕೊಡಿ, ತಾರೀಕು ಹೇಳಿ. ಬಾಯಿಮಾತಿನ ಬಲವಂತದಲ್ಲಿ ಹೆಚ್ಚಿನ ಪಾಲು ಈ ಒಂದು ಪ್ರಶ್ನೆಗೇ ಕರಗಿಹೋಗುತ್ತದೆ. ಕಚೇರಿಯ ಒಳಗಿಂದ ನೋಡಿದವಳಾಗಿ ಹೇಳುತ್ತಿದ್ದೇನೆ.

ರಾಜ್ಯ ಸರಕಾರದ ಆದೇಶಕ್ಕೆ ಒಂದು ರೂಪ ಇದೆ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’. ಅದರ ಕೆಳಗೆ ವಿಷಯ. ಆಮೇಲೆ ‘ಓದಲಾಗಿದೆ’ ಅಂತ ಹಿಂದಿನ ಆದೇಶಗಳ ಪಟ್ಟಿ. ಆಮೇಲೆ ‘ಪ್ರಸ್ತಾವನೆ’, ಅಂದರೆ ಕಾರಣ. ಕೊನೆಗೆ ಆದೇಶ ಸಂಖ್ಯೆ, ದಿನಾಂಕ, ಆದೇಶದ ಭಾಗ. ಸಹಿಯ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಇರುತ್ತದೆ. ಸಂವಿಧಾನದ 166ನೇ ವಿಧಿಯಿಂದ ಬಂದ ಸಾಲು ಅದು. ಜನ ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಾರೆ. ನೀವು ಪ್ರಸ್ತಾವನೆ ಮತ್ತು ‘ಓದಲಾಗಿದೆ’ ಎರಡನ್ನೂ ನಿಧಾನವಾಗಿ ಓದಿ. ಯಾವ ಕಾಯ್ದೆಯ ಯಾವ ಕಲಂ ಅಂತ ಇದೆಯಾ ನೋಡಿ.

ಕಾಗದಗಳಿಗೂ ಅಂತಸ್ತು ಉಂಟು. ವಿಧಾನಮಂಡಲ ಅಥವಾ ಸಂಸತ್ತು ಮಾಡಿದ್ದು ಕಾಯ್ದೆ. ಅದರ ಅಡಿಯಲ್ಲಿ ಸರಕಾರ ಮಾಡಿದ್ದು ನಿಯಮ ಮತ್ತು ಅಧಿಸೂಚನೆ. ಅದಕ್ಕಿಂತ ಕೆಳಗೆ ಸುತ್ತೋಲೆ. ಸುತ್ತೋಲೆ ಮುಖ್ಯವಾಗಿ ಅಧಿಕಾರಿಗಳಿಗೆ ಬರೆದ ಸೂಚನೆ. ಕಾಯ್ದೆಯಲ್ಲಿ ಇಲ್ಲದ ದಂಡವನ್ನು ಸುತ್ತೋಲೆಯಿಂದ ಹುಟ್ಟಿಸಲು ಆಗುವುದಿಲ್ಲ. ತೆರಿಗೆಯ ವಿಷಯದಲ್ಲಂತೂ ಸಂವಿಧಾನದ 265ನೇ ವಿಧಿ ಒಂದೇ ಸಾಲಿನಲ್ಲಿ ಮುಗಿಸಿದೆ: ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಹಾಗೆಯೇ, ಮಾಡಿದ ದಿನ ಅಪರಾಧ ಅಲ್ಲದ ಕೆಲಸಕ್ಕೆ ಆಮೇಲೆ ಕಾನೂನು ತಂದು ಶಿಕ್ಷೆ ಕೊಡುವಂತಿಲ್ಲ ಅಂತ 20ನೇ ವಿಧಿ ಹೇಳುತ್ತದೆ.

ಕಾಗದ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಕರ್ನಾಟಕದಲ್ಲಿ ‘ಎ’ ನಮೂನೆ, 10 ರೂಪಾಯಿ ಶುಲ್ಕ. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ‘ಯಾಕೆ ಹೀಗೆ ಮಾಡಿದಿರಿ’ ಅಂತ ಬರೆಯಬೇಡಿ. ‘ಇಂಥ ದಿನಾಂಕದ ಇಂಥ ನೋಟೀಸಿಗೆ ಆಧಾರವಾದ ಆದೇಶ ಮತ್ತು ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ’ ಅಂತ ಬರೆಯಿರಿ. ಪ್ರಶ್ನೆಗೆ ಉತ್ತರಿಸದೆ ತಪ್ಪಿಸಿಕೊಳ್ಳಬಹುದು, ದಾಖಲೆ ಕೇಳಿದರೆ ಅಷ್ಟು ಸುಲಭ ಅಲ್ಲ.

ಅಳತೆ ಮೀರಿದೆಯಾ?

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಂಥ ಮೊಕದ್ದಮೆಗಳಲ್ಲಿ ಕೋರ್ಟು ಕೇಳುವ ಪ್ರಶ್ನೆಗಳನ್ನು ನೀವೂ ಕೇಳಬಹುದು. ಉದ್ದೇಶ ಸರಿಯಾಗಿದೆಯಾ? ಈ ಕ್ರಮದಿಂದ ಆ ಉದ್ದೇಶ ಸಾಧ್ಯವಾ? ಇದಕ್ಕಿಂತ ಕಡಿಮೆ ನೋವಿನ ದಾರಿ ಇತ್ತಾ? ಸಿಗುವ ಪ್ರಯೋಜನಕ್ಕೆ ಕೊಡುವ ಬೆಲೆ ಜಾಸ್ತಿಯಾ?

ಹೆಲ್ಮೆಟ್ಟಿಗೆ ಹಚ್ಚಿ ನೋಡಿ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ. ಉದ್ದೇಶ ಜೀವ ಉಳಿಸುವುದು. ಹೆಲ್ಮೆಟ್ ತಲೆ ಕಾಯುತ್ತದೆ, ಅದರಲ್ಲಿ ಸಂಶಯ ಇಲ್ಲ. ಬರೀ ಬೋರ್ಡು ಹಾಕಿ ಹೇಳಿದ್ದು ಸಾಲಲಿಲ್ಲ. ಪೇಟ ಧರಿಸುವ ಸಿಖ್ಖರಿಗೆ ಕಲಮಿನಲ್ಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ದಂಡವನ್ನು 1,000 ರೂಪಾಯಿಗೆ ಏರಿಸಿದಾಗ ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಇದು ಅಳತೆಯಲ್ಲಿರುವ ಬಲವಂತ. ಸಂತೆಕಟ್ಟೆ ಜಂಕ್ಷನ್ನಿನಲ್ಲಿ ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು ಹೋಗುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಈ ದಂಡ ಬೇಕೇ ಬೇಕು.

ಈಗ ಲಸಿಕೆ. 2021ರಲ್ಲಿ ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಅನ್ನುವ ಮಾತು ರಾಜ್ಯದ ಕೆಲವು ಕಡೆ ಅಧಿಕಾರಿಗಳಿಂದಲೇ ಬಂತು. ಉದ್ದೇಶ ಒಳ್ಳೆಯದೇ. ನಾನೂ ಹಾಕಿಸಿಕೊಂಡೆ, ಹತ್ತಿರದವರಿಗೂ ಹಾಕಿಸಿದೆ. ಆದರೆ ಹಸಿದವರ ಅಕ್ಕಿಯನ್ನು ಒತ್ತೆ ಇಟ್ಟುಕೊಂಡು ಮಾಡಿಸುವುದು ಅಳತೆ ಮೀರಿದ್ದು. ಸರಕಾರಿ ಪಿಂಚಣಿ ಬರುವ ನನ್ನಂಥವಳಿಗೂ, ರೇಷನ್ನಿಗೆ ಕಾಯುವವಳಿಗೂ ಆ ಷರತ್ತು ಒಂದೇ ತೂಕದ್ದಲ್ಲ ಅಲ್ವಾ? 2022ರ ಮೇ 2ರಂದು ಸುಪ್ರೀಂ ಕೋರ್ಟ್ ಜೇಕಬ್ ಪುಲಿಯೆಲ್ ಮೊಕದ್ದಮೆಯಲ್ಲಿ, ಯಾರಿಗೂ ಬಲವಂತದಿಂದ ಲಸಿಕೆ ಚುಚ್ಚುವಂತಿಲ್ಲ ಅಂತ ಹೇಳಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸರಕಾರ ಮಿತವಾದ ನಿರ್ಬಂಧ ಹಾಕಬಹುದು, ಆದರೆ ಲಸಿಕೆ ಹಾಕಿಸದವರ ಮೇಲೆ ಆಗ ಇದ್ದ ನಿರ್ಬಂಧಗಳು ಅಳತೆಗೆ ತಕ್ಕದ್ದಲ್ಲ ಅಂತಲೂ ಹೇಳಿತು. ಎರಡೂ ಮಾತನ್ನು ಒಟ್ಟಿಗೆ ನೆನಪಿಡಿ. ಜನ ತಮಗೆ ಬೇಕಾದ ಅರ್ಧ ಮಾತ್ರ ಹೇಳುತ್ತಾರೆ.

ಅಳತೆ ಪೂರ್ತಿ ತಪ್ಪಿದ್ದು ತುರ್ತು ಪರಿಸ್ಥಿತಿಯ ಸಂತಾನಹರಣದಲ್ಲಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆದವು. ನೌಕರರಿಗೆ, ಶಿಕ್ಷಕರಿಗೆ ಇಂತಿಷ್ಟು ಜನರನ್ನು ಕರೆತರಬೇಕು ಅಂತ ಗುರಿ. ಗುರಿ ಮುಟ್ಟದಿದ್ದರೆ ಸಂಬಳ ತಡೆ. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ಮಾಡಿದ ಶಾ ಆಯೋಗ ಇದನ್ನೆಲ್ಲ ದಾಖಲಿಸಿದೆ. ಬಲವಂತ ಜನರ ಮೇಲೆ ಮಾತ್ರ ಅಲ್ಲ, ಬಲವಂತ ಮಾಡುವ ಕೆಳಗಿನ ನೌಕರನ ಮೇಲೂ ಇತ್ತು ಅನ್ನುವುದನ್ನು ನೋಡಿ. ಗುರಿಯ ಅಂಕಿ ಹೊತ್ತ ಗುಮಾಸ್ತನಿಗೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ. 1977ರ ಚುನಾವಣೆಯಲ್ಲಿ ಉತ್ತರ ಭಾರತದ ಜನ ಇದಕ್ಕೆ ಉತ್ತರ ಕೊಟ್ಟರು. ಗಂಡಸರ ಸಂತಾನಹರಣ ಚಿಕಿತ್ಸೆ ಆಮೇಲೆ ಚೇತರಿಸಲೇ ಇಲ್ಲ, ಭಾರ ಹೆಂಗಸರ ಮೇಲೆ ಬಿತ್ತು.

ಎಷ್ಟು ಕೇಳುತ್ತಾರೆ ಅನ್ನುವಷ್ಟೇ ಹೇಗೆ ಕೇಳುತ್ತಾರೆ ಅನ್ನುವುದೂ ಮುಖ್ಯ. 1834ರಲ್ಲಿ ಕೊಡಗನ್ನು ಕಂಪೆನಿ ಸರಕಾರ ನುಂಗಿದ ಮೇಲೆ ಅಮರ ಸುಳ್ಯ ಸೀಮೆಯನ್ನು ಆಗಿನ ಕರಾವಳಿ ಜಿಲ್ಲೆಯಾದ ಕೆನರಾಕ್ಕೆ ಸೇರಿಸಿದರು. ದವಸದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು ಅಂತಾಯಿತು. ಕೈಯಲ್ಲಿ ಭತ್ತ ಇದ್ದ ರೈತ ನಾಣ್ಯಕ್ಕಾಗಿ ಸಾಲಗಾರನಾದ. 1837ರ ದಂಗೆ ಸುಳ್ಯದಿಂದ ಮಂಗಳೂರಿನವರೆಗೆ ಬಂದು ಬಾವುಟಗುಡ್ಡದಲ್ಲಿ ಬಾವುಟ ಹಾರಿದ್ದರ ಹಿಂದೆ ಈ ನಗದಿನ ಬಲವಂತ ಒಂದು ದೊಡ್ಡ ಕಾರಣ.

ನೋಟೀಸು ಬಂದರೆ

ತೆಗೆದುಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನೋಟೀಸು ತೆಗೆದುಕೊಳ್ಳದಿದ್ದರೆ ಅದು ಲೆಕ್ಕಕ್ಕಿಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ, ಇಬ್ಬರ ಸಹಿ ಹಾಕಿಸಿ ಮಹಜರು ಮಾಡುತ್ತಾರೆ. ಜಾರಿಯಾಯಿತು ಅಂತ ಕಡತದಲ್ಲಿ ಕೂರುತ್ತದೆ. ನಿಮಗೆ ಮಾತ್ರ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ತೆಗೆದುಕೊಂಡು ಸಹಿಯ ಪಕ್ಕ ತಾರೀಕು ಬರೆಯಿರಿ. ಸಹಿ ಹಾಕಿದರೆ ಒಪ್ಪಿಕೊಂಡ ಹಾಗೆ ಅಲ್ಲ, ತಲುಪಿತು ಅಂತ ಮಾತ್ರ. ಅಂಚೆಯಲ್ಲಿ ಬಂದರೆ ಲಕೋಟೆಯನ್ನು ಬಿಸಾಡಬೇಡಿ, ಅದರ ಮೇಲಿನ ಮೊಹರು ಬೇಕಾಗುತ್ತದೆ.

ಆಮೇಲೆ ಗಡುವು. ಹೆದ್ದಾರಿ 66ಕ್ಕೆ ಜಾಗ ಹೋದ ಒಬ್ಬರು ಅಜ್ಜಿ ಒಮ್ಮೆ ಬಂದಿದ್ದರು. ಕಾಗದವನ್ನು ಸೆರಗಿನ ತುದಿಯಲ್ಲಿ ಸುತ್ತಿಟ್ಟಿದ್ದರು. ಹಲಸಿನ ಮರ, ಬಾವಿ, ದನದ ಕೊಟ್ಟಿಗೆ ಎಲ್ಲ ಹೋಗುತ್ತದೆ, ದರ ಏನೂ ಸಾಲದು ಅಂತ ಅರ್ಜಿ ಬರೆಸಲು ಬಂದವರು. ನಾನು ಸರ್ವೆ ನಂಬರಿನ ಸಾಲು ತೋರಿಸಿದೆ. “ಅಜ್ಜೀ, ಇಲ್ಲಿ ಬಾವಿ ಇರುವ ತುಂಡಿನ ನಂಬರೇ ಬೇರೆ ಇದೆಯಲ್ಲಾ?” ಅಂದೆ. ಅವರು ಆರ್‌ಟಿಸಿ ತಂದರು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ನೋಟೀಸಿನಲ್ಲಿ ಉಪವಿಭಾಗದ ಅಂಕಿ ತಪ್ಪಿತ್ತು. ಮೊದಲ ಅರ್ಜಿ ಅದರ ಬಗ್ಗೆ ಹೋಯಿತು, ದರದ ಮಾತು ಆಮೇಲೆ.

ಹಾಗೆ ಮಾಡಲು ಕಾರಣ ಇದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರಲ್ಲಿ ಹಂತಗಳಿವೆ. ಈ ಜಾಗ ಹೆದ್ದಾರಿಗೆ ಬೇಕು ಅನ್ನುವ 3ಎ ಕಲಮಿನ ಅಧಿಸೂಚನೆ ಮೊದಲು. ಅದಕ್ಕೆ 3ಸಿ ಕಲಮಿನಲ್ಲಿ 21 ದಿನದ ಒಳಗೆ ಆಕ್ಷೇಪಣೆ. ಈ 21 ದಿನ ಎಣಿಸುವುದು ಕಾಗದ ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ, ಗೆಜೆಟ್ಟಿನಲ್ಲಿ ಪ್ರಕಟವಾದ ದಿನದಿಂದ. ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರುತ್ತದೆ, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಹೆದ್ದಾರಿ ಬದಿಯಲ್ಲಿ ಮನೆ ಇರುವವರು ಪತ್ರಿಕೆಯ ಆ ಸಣ್ಣ ಅಕ್ಷರದ ಪುಟವನ್ನು ದಾಟಿ ಹೋಗಬೇಡಿ. ಈ ಹಂತದಲ್ಲಿ ಕೇಳುವುದು ಜಾಗದ ಬಗ್ಗೆ ಮಾತ್ರ, ದರದ ಬಗ್ಗೆ ಅಲ್ಲ. 3ಡಿ ಘೋಷಣೆ ಆದ ಮೇಲೆ ಜಾಗ ಕೇಂದ್ರ ಸರಕಾರದ್ದು. ದರದ ತಕರಾರಿಗೆ 3ಜಿ ಕಲಮಿನಲ್ಲಿ ಬೇರೆ ದಾರಿ ಇದೆ, ಮಧ್ಯಸ್ಥಗಾರರ ಹತ್ತಿರ ಹೋಗಬಹುದು. ಹಂತ ತಪ್ಪಿದ ಅರ್ಜಿ ಎಷ್ಟು ಚೆನ್ನಾಗಿದ್ದರೂ ಕಡತದಲ್ಲೇ ಮಲಗುತ್ತದೆ.

ಮನೆ, ಅಂಗಡಿ ಕೆಡವುವ ನೋಟೀಸಾದರೆ 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಡಿ. ನೋಟೀಸು ತಲುಪಿ ಕನಿಷ್ಠ 15 ದಿನ ಆಗಬೇಕು, ಸ್ಥಳೀಯ ಕಾನೂನಿನಲ್ಲಿ ಇನ್ನೂ ಹೆಚ್ಚು ದಿನ ಇದ್ದರೆ ಅಷ್ಟು. ಅಂಚೆಯಲ್ಲೂ ಕಳಿಸಬೇಕು, ಕಟ್ಟಡದ ಮೇಲೂ ಅಂಟಿಸಬೇಕು, ನಿಮ್ಮ ಮಾತು ಕೇಳಬೇಕು. ಆದರೆ ರಸ್ತೆ, ಫುಟ್‌ಪಾತ್, ನದಿ, ಕೆರೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ತೋಡಿನ ಮೇಲೆ ಸ್ಲ್ಯಾಬ್ ಹಾಕಿ ಅಂಗಡಿ ಕಟ್ಟಿದವರಿಗೆ ನಾನು ಸುಳ್ಳು ಧೈರ್ಯ ಕೊಡುವುದಿಲ್ಲ.

ಉತ್ತರ ಬರೆಯುವಾಗ ಸಿಟ್ಟು ಬೇಡ. ನೋಟೀಸಿನ ಸಂಖ್ಯೆ, ದಿನಾಂಕ, ತಲುಪಿದ ದಿನ, ನಿಮ್ಮ ಆಕ್ಷೇಪ, ಜೊತೆಗೆ ಇಟ್ಟ ದಾಖಲೆಗಳ ಪಟ್ಟಿ, ‘ನನ್ನನ್ನು ಖುದ್ದಾಗಿ ವಿಚಾರಿಸಬೇಕು’ ಅನ್ನುವ ಒಂದು ಸಾಲು. ಎರಡು ಪ್ರತಿ ತೆಗೆದುಕೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು ಹಾಕಿಸಿಕೊಂಡು ಬನ್ನಿ. ಮೊಹರು ಹಾಕಲು ಒಪ್ಪದಿದ್ದರೆ ಅಲ್ಲಿ ವಾದ ಮಾಡಬೇಡಿ, ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ.

ಇಡೀ ಊರಿಗೆ ಹಾಕುವ ನಿರ್ಬಂಧದ ಬಗ್ಗೆ ಒಂದು ಮಾತು. ನಾವೆಲ್ಲ 144 ಅಂತ ಕರೆಯುತ್ತಿದ್ದದ್ದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಮ್ಯಾಜಿಸ್ಟ್ರೇಟರ ಆದೇಶ ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ಬೇಕಾದರೆ ರಾಜ್ಯ ಸರಕಾರ ಇನ್ನೂ ಆರು ತಿಂಗಳು ಮುಂದುವರಿಸಬಹುದು. ತೊಂದರೆ ಆದವರು ಆದೇಶ ಬದಲಿಸಿ ಅಂತ ಅರ್ಜಿ ಹಾಕಬಹುದು, ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಕರ್ಫ್ಯೂ ಹಾಕಿ ಇಂಟರ್ನೆಟ್ ನಿಲ್ಲಿಸಿದ್ದು ನೆನಪಿದೆಯಲ್ಲಾ? ಮರು ತಿಂಗಳೇ, 2020ರ ಜನವರಿ 10ರಂದು, ಕಾಶ್ಮೀರದ ಅನುರಾಧಾ ಭಸೀನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಅಂತ ಹೇಳಿತು. ಪ್ರಕಟಿಸದ ಆದೇಶವನ್ನು ಜನ ಪ್ರಶ್ನಿಸುವುದಾದರೂ ಹೇಗೆ?

ಪಂಚಾಯತಿನಲ್ಲಿ ಕೂತವರಿಗೆ

ಗೆದ್ದು ಬಂದ ಸದಸ್ಯರೂ ನನ್ನ ಹತ್ತಿರ ಬರುತ್ತಾರೆ. ಕಸ ಎಸೆಯುವವರಿಗೆ ದಂಡ ಹಾಕಬೇಕು ಅಕ್ಕಾ, ನಿರ್ಣಯ ಬರೆದುಕೊಡಿ ಅಂತ. ನಿರ್ಣಯ ಒಂದೇ ಸಾಲುವುದಿಲ್ಲ. ದಂಡ ಹಾಕುವ ಅಧಿಕಾರ ಕಾಯ್ದೆಯಲ್ಲಿ, ನಿಯಮದಲ್ಲಿ ಅಥವಾ ಕ್ರಮಪ್ರಕಾರ ಮಾಡಿದ ಬೈಲಾದಲ್ಲಿ ಇರಬೇಕು. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಅದನ್ನು ಮೊದಲು ತೆಗೆಸಿ ನೋಡಿ.

ಆಮೇಲೆ ನನ್ನ ಪ್ರಶ್ನೆ: ಗಾಡಿ ಎಲ್ಲಾ ಮನೆಗೂ ಹೋಗುತ್ತದಾ? ಗುಡ್ಡದ ಮೇಲಿನ ಕಾಲೊನಿಗೆ ಗಾಡಿ ಹತ್ತದಿದ್ದರೆ ಅಲ್ಲಿಯವರಿಗೆ ದಂಡ ಹಾಕುವುದು ಅನ್ಯಾಯ. ಮೊದಲು ಗಾಡಿ ಹೋಗಲಿ, ಎಲ್ಲಿ, ಯಾವ ದಿನ ಅಂತ ಮನೆಮನೆಗೆ ಚೀಟಿ ಹಂಚಲಿ. ಗ್ರಾಮಸಭೆಯಲ್ಲಿ ದಂಡದ ಮೊತ್ತವನ್ನು ಗಟ್ಟಿಯಾಗಿ ಓದಿ, ಜನ ಬೈದರೆ ಬೈಸಿಕೊಳ್ಳಿ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಸಣ್ಣ ದಂಡ, ಮೂರನೇ ಸಲ ಪೂರ್ತಿ. ರಶೀದಿ ಇಲ್ಲದೆ ಒಂದು ರೂಪಾಯಿ ವಸೂಲಿ ಮಾಡಬೇಡಿ. ಮುಖ್ಯವಾಗಿ, ರಾತ್ರಿ ಕಾರಿನಲ್ಲಿ ಬಂದು ಹೊಳೆಬದಿಗೆ ಚೀಲ ಎಸೆಯುವವರನ್ನು ಬಿಟ್ಟು, ಹಗಲು ಸಿಕ್ಕಿಬೀಳುವ ಗೂಡಂಗಡಿಯವನಿಗೆ ಮಾತ್ರ ದಂಡ ಹಾಕಿದರೆ ಊರು ಅದನ್ನು ಮರೆಯುವುದಿಲ್ಲ. ಇನ್ನು, ಕಸದ ದಂಡ ಕಟ್ಟದವರ ನಳ್ಳಿ ನೀರು ನಿಲ್ಲಿಸೋಣ ಅನ್ನುವ ಸಲಹೆ ಪ್ರತಿ ಸಲವೂ ಬರುತ್ತದೆ. ಬೇಡ. ಕಸಕ್ಕೂ ಕುಡಿಯುವ ನೀರಿಗೂ ಸಂಬಂಧ ಇಲ್ಲ, ಆ ಮನೆಯಲ್ಲಿ ಮಕ್ಕಳೂ ಮುದುಕರೂ ಇರುತ್ತಾರೆ.

ಕೋರ್ಟಿಗೆ ಹೋಗಬೇಕಾಗಿ ಬಂದರೆ

ಸರಕಾರದ ಆದೇಶವನ್ನೇ ಪ್ರಶ್ನಿಸುವ, ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಗೆ ಉಡುಪಿ, ದಕ್ಷಿಣ ಕನ್ನಡದವರು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕು. ಖರ್ಚಿಗೆ ಹೆದರಿ ಗಡುವು ಕಳೆಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಇನ್ನೂ ಕೆಲವು ವರ್ಗದವರಿಗೂ ಹೀಗೆಯೇ, ಅದರಲ್ಲಿ ಸೇರದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಪ್ರಾಧಿಕಾರದ ಕಚೇರಿ ಉಡುಪಿಯಲ್ಲೂ ಮಂಗಳೂರಿನಲ್ಲೂ ಇದೆ. ಫೋನ್ ಮಾಡುವುದಾದರೆ 15100. ಹೋಗುವಾಗ ನೋಟೀಸು, ಲಕೋಟೆ, ಮೊಹರು ಬಿದ್ದ ನಿಮ್ಮ ಉತ್ತರದ ಪ್ರತಿ, ಆರ್‌ಟಿಸಿ ಅಥವಾ ಮನೆ ತೆರಿಗೆ ರಶೀದಿ, ಇಷ್ಟನ್ನು ತಾರೀಕಿನ ಕ್ರಮದಲ್ಲಿ ಒಂದು ಫೈಲಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.